ಹೊಸ ಕಾರಿಗೆ ಎಂಥ ಎಣ್ಣೆ?

ಮೀಂಜ ಪಂಚಾಯತಿನ ಒಂದು ಅಡಿಕೆ ತೋಟದ ಮನೆ. ಯಜಮಾನರು ನಿವೃತ್ತ ಅಧ್ಯಾಪಕರು. ಊರಿಗೆಲ್ಲ ಅವರು ಮಾಸ್ಟ್ರು. ಇಪ್ಪತ್ತು ವರ್ಷ ಹಳೆಯ ಡೀಸೆಲ್ ಜೀಪೊಂದನ್ನು ಓಡಿಸಿ, ಅದು ಇನ್ನು ಏರು ಹತ್ತಲಾರದು ಎಂಬ ಹಂತದಲ್ಲಿ ಸಣ್ಣದೊಂದು ಪೆಟ್ರೋಲ್ ಕಾರನ್ನು ಕೊಂಡರು. ಜೀಪು ಹೋದರೂ ಅದರ ನೆನಪಾಗಿ ಕೊಟ್ಟಿಗೆಯ ಅಟ್ಟಳಿಗೆಯ ಮೇಲೆ 20ಡಬ್ಲ್ಯೂ-40 ಎಂದು ಬರೆದ ಎಣ್ಣೆಯ ಕ್ಯಾನೊಂದು ಉಳಿಯಿತು. ಜೀಪಿಗೂ ಅದೇ, ತೋಟದ ಡೀಸೆಲ್ ಪಂಪಿಗೂ ಅದೇ. ಒಮ್ಮೆ ಗೇಟಿನ ಬಿಜಾಗರಿಗೂ ಅದೇ.

ಕಾರು ಕೊಂಡು ಎರಡನೆಯ ವರ್ಷ ಎಣ್ಣೆ ಬದಲಿಸುವ ಹೊತ್ತು ಬಂದಿತು. ಮಂಗಳೂರಿಗೆ ಹೋದರೂ ಕಾಸರಗೋಡಿಗೆ ಹೋದರೂ ಅರ್ಧ ದಿನದ ಕೆಲಸ. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನು ಪೇಟೆಯಿಂದ ತಂದು, ಹತ್ತಿರದ ಗ್ಯಾರೇಜಿನಲ್ಲಿ ಹಾಕಿಸಲು ಮಾಸ್ಟ್ರು ನಿಶ್ಚಯಿಸಿದರು. ಕ್ಯಾನಿನ ಮೇಲೆ 0ಡಬ್ಲ್ಯೂ-16 ಎಂದಿತ್ತು. ಮೆಕ್ಯಾನಿಕ್ ಮುಚ್ಚಳ ತೆರೆದು ಬೆರಳಿಗೆ ಒಂದು ಹನಿ ಹಚ್ಚಿ ಉಜ್ಜಿ ನೋಡಿದ. "ಮಾಸ್ಟ್ರೇ, ಇದು ನೀರಿನ ಹಾಗೆ ಉಂಟು. ನಮ್ಮ ಸೆಕೆಗೆ ಇದು ನಿಲ್ಲುದಿಲ್ಲ. ಸ್ವಲ್ಪ ದಪ್ಪದ್ದು ಹಾಕುವ" ಎಂದ.

ಮಾತಿನಲ್ಲಿ ಕಪಟವಿರಲಿಲ್ಲ. ಮೂವತ್ತು ವರ್ಷ ಜೀಪುಗಳ ಅಡಿಯಲ್ಲಿ ಮಲಗಿ ಕಲಿತ ಪಾಠ ಅದು. ಮೇಲಾಗಿ ಕೇಳುವುದಕ್ಕೂ ಅದು ಸರಿಯೆಂದೇ ತೋರುತ್ತದೆ: ಸೆಕೆಯಲ್ಲಿ ಎಣ್ಣೆ ತೆಳುವಾಗುತ್ತದೆ, ಸೆಕೆಯ ಊರಿಗೆ ದಪ್ಪ ಎಣ್ಣೆ ಬೇಕು. ಆದರೆ ಕಾರಿನ ವಾರಂಟಿ ಇನ್ನೂ ಮುಗಿದಿರಲಿಲ್ಲ. ನಿವೃತ್ತಿಯ ಹಣದ ದೊಡ್ಡ ಪಾಲು ಆ ಕಾರಿನಲ್ಲಿ ಸೇರಿತ್ತು. ಮಾಸ್ಟ್ರು ಆ ದಿನ ಎಣ್ಣೆ ಹಾಕಿಸದೆ ಕ್ಯಾನನ್ನು ಹಿಂದಿನ ಸೀಟಿನಲ್ಲಿಟ್ಟು ಮನೆಗೆ ಮರಳಿದರು.

ಎಣ್ಣೆಯ ದಪ್ಪವನ್ನು ಕನ್ನಡದ ವಿಜ್ಞಾನ ಗ್ರಂಥಗಳು ಸ್ನಿಗ್ಧತೆ ಎಂದು ಕರೆಯುತ್ತವೆ. ಸಂಸ್ಕೃತದಲ್ಲಿ ಸ್ನೇಹವೆಂದರೆ ಒಲವೂ ಹೌದು, ಎಣ್ಣೆಯೂ ಹೌದು. ಆ ಬಳಗದ ಪದವೇ ಇದು. ಗ್ಯಾರೇಜಿನಲ್ಲಿ ಇದು ನಡೆಯದು. ಅಲ್ಲಿ ದಪ್ಪ, ತೆಳು, ಗ್ರೇಡ್ ಎಂಬ ಮೂರು ಮಾತುಗಳಲ್ಲಿ ವ್ಯವಹಾರ ಮುಗಿಯುತ್ತದೆ. ಹೆಸರು ಯಾವುದಾದರೂ ಸಂಗತಿ ಒಂದೇ: ಹರಿಯುವುದಕ್ಕೆ ದ್ರವವು ಒಡ್ಡುವ ಪ್ರತಿರೋಧ. ಬಿಸಿಯೇರಿದಂತೆ ಅದು ತಗ್ಗುತ್ತದೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಧನುರ್ಮಾಸದ ಬೆಳಗ್ಗೆ ಸ್ನಾನದ ಮನೆಯ ತೆಂಗಿನೆಣ್ಣೆ ಬಾಟಲಿಯಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಹತ್ತು ಗಂಟೆಯ ಬಿಸಿಲು ಬಿದ್ದರೆ ಕರಗಿ ನೀರಾಗುತ್ತದೆ. ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿಯಲ್ಲಿ. ಎಂಜಿನ್ ಎಣ್ಣೆ ಹಾಗೆ ಹೆಪ್ಪುಗಟ್ಟುವುದಿಲ್ಲ. ಆದರೆ ಒಲೆಯ ಮೇಲಿನ ಬೆಲ್ಲದ ಪಾಕದಂತೆ, ತಣಿದಾಗ ಎಳೆಯಾಗಿ ನಿಂತು ಕಾದಾಗ ಸರಾಗವಾಗಿ ಇಳಿಯುವ ಗುಣ ಅದಕ್ಕೂ ಇದೆ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘ, ಅಂದರೆ ಎಸ್‌ಎಇ, ಸ್ಥಾಪನೆಯಾದದ್ದು 1905ರಲ್ಲಿ. ಎಣ್ಣೆಗಳನ್ನು ದಪ್ಪದ ಪ್ರಕಾರ ವಿಂಗಡಿಸುವ ಪದ್ಧತಿಯನ್ನು ಅದು 1911ರಲ್ಲಿ ಆರಂಭಿಸಿತು. ಆ ಕಾಲದ ಎಣ್ಣೆಗೆ ಒಂದೇ ಅಂಕೆ. ಚಳಿಗೊಂದು, ಸೆಕೆಗೊಂದು ಎಂದು ಋತುವಿಗೆ ತಕ್ಕಂತೆ ಎಣ್ಣೆ ಬದಲಿಸಬೇಕಿತ್ತು. ಬಳಿಕ ಉದ್ದ ಸರಪಳಿಯ ಪಾಲಿಮರುಗಳನ್ನು ಎಣ್ಣೆಗೆ ಬೆರೆಸುವ ಉಪಾಯ ಬಂದಿತು. ಇವು ತಣ್ಣಗಿದ್ದಾಗ ಮುದುಡಿಕೊಂಡಿರುತ್ತವೆ, ಬಿಸಿಯಾದಾಗ ಬಿಚ್ಚಿಕೊಂಡು ಎಣ್ಣೆ ತೀರ ತೆಳುವಾಗದಂತೆ ಹಿಡಿದಿಡುತ್ತವೆ. ಒಂದೇ ಎಣ್ಣೆಗೆ ಎರಡು ಅಂಕೆಗಳು ಬಂದದ್ದು ಹೀಗೆ.

ಮೊದಲ ಅಂಕೆಯ ಜೊತೆಗಿರುವ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. 0ಡಬ್ಲ್ಯೂ ಎಣ್ಣೆಯು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂ ಮೈನಸ್ 30ರಲ್ಲಿ, 20ಡಬ್ಲ್ಯೂ ಮೈನಸ್ 15ರಲ್ಲಿ ಎಂಜಿನನ್ನು ತಿರುಗಲು ಬಿಡಬೇಕು. ಇವೆಲ್ಲ ಮೀಂಜದ ಯಾವ ಅಜ್ಜನೂ ಕಂಡಿರದ ಚಳಿಗಳು. ಆದ್ದರಿಂದ 0ಡಬ್ಲ್ಯೂ ಎಂಬುದು ಇಲ್ಲಿಗೆ ಅನಗತ್ಯವೆಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೂ 25 ಡಿಗ್ರಿಯ ಬೆಳಗ್ಗೆಯೂ ಎಂಜಿನಿನ ಪಾಲಿಗೆ ತಣ್ಣನೆಯ ಬೆಳಗ್ಗೆಯೇ. ಆ ಹೊತ್ತಿನಲ್ಲಿ ಅಟ್ಟಳಿಗೆಯ ಮೇಲಿನ 20ಡಬ್ಲ್ಯೂ-40 ಎಣ್ಣೆಯು 0ಡಬ್ಲ್ಯೂ-16ಕ್ಕಿಂತ ಹಲವು ಪಟ್ಟು ದಪ್ಪವಾಗಿರುತ್ತದೆ. ಕೀಲಿ ತಿರುಗಿಸಿದ ಮೊದಲ ಕ್ಷಣಗಳಲ್ಲಿ ಎಣ್ಣೆ ಮೇಲಿನವರೆಗೆ ಬೇಗ ತಲಪುವುದು ಮುಖ್ಯ; ತೆಳು ಎಣ್ಣೆ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಎರಡನೆಯ ಅಂಕೆಯೇ ಮೆಕ್ಯಾನಿಕನ ಸಂಶಯದ ಮೂಲ. ಅದನ್ನು ನಿರ್ಧರಿಸುವುದು 100 ಡಿಗ್ರಿಯಲ್ಲಿ. ಕೋಣೆಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್. 100 ಡಿಗ್ರಿಗೆ ಕಾದ 16ರ ಎಣ್ಣೆಗೆ 6.1ರಿಂದ 8.2, 20ರ ಎಣ್ಣೆಗೆ 6.9ರಿಂದ 9.3, 30ಕ್ಕೆ 9.3ರಿಂದ 12.5, 40ಕ್ಕೆ 12.5ರಿಂದ 16.3 ಇರಬೇಕು. ನೀರಿನ ಹಾಗೆ ಕಾಣುವ ಎಣ್ಣೆಯೂ ಕುದಿಯುವ ಬಿಸಿಯಲ್ಲಿ ನೀರಿಗಿಂತ ಆರೇಳು ಪಟ್ಟು ದಪ್ಪವೇ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಈ 100 ಡಿಗ್ರಿ ಊರಿನ ಸೆಕೆಯಲ್ಲ, ಎಂಜಿನಿನ ಒಳಗಿನ ಬಿಸಿ. ಕಾರಿನ ತಂಪುನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಕಾವಲುಗಾರನಿದ್ದಾನೆ. ನೀರು 80–90 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ರೇಡಿಯೇಟರಿನ ಬಾಗಿಲು ಮುಚ್ಚಿರುತ್ತಾನೆ, ಬಳಿಕ ತೆರೆಯುತ್ತಾನೆ. ಹೊರಗೆ ಮೇ ತಿಂಗಳ 36 ಡಿಗ್ರಿ ಇರಲಿ, ಆಟಿಯ ಮಳೆಯ 24 ಡಿಗ್ರಿ ಇರಲಿ, ಒಳಗಿನ ನೀರಿನ ಬಿಸಿ ಹೆಚ್ಚು ಕಡಿಮೆ ಒಂದೇ. ಎಣ್ಣೆಯ ಬಿಸಿಯಲ್ಲಿ ಏರಿಳಿತ ಸ್ವಲ್ಪ ಜಾಸ್ತಿ. ಆದರೆ ಅದನ್ನು ಏರಿಸುವುದು ಮುಖ್ಯವಾಗಿ ಹೊತ್ತ ಭಾರ ಮತ್ತು ಓಡಿಸುವ ವೇಗ. ಸೆಕೆಯ ಊರೆಂಬ ಒಂದೇ ಕಾರಣಕ್ಕೆ ದಪ್ಪ ಎಣ್ಣೆ ಹಾಕುವುದು, ಅಂಗಳದಲ್ಲಿ ಬಿಸಿಲಿದೆಯೆಂದು ಒಲೆಯ ಮೇಲಿನ ಪಾಯಸಕ್ಕೆ ಹಾಲು ಹೆಚ್ಚಿಗೆ ಸುರಿದಂತೆ.

ಹಾಗಾದರೆ ಜೀಪಿಗೆ ದಪ್ಪ ಎಣ್ಣೆ ಏಕೆ ಸರಿಹೋಯಿತು? ಜೀಪಿನ ಎಂಜಿನ್ ಹಾಗೆ ಕಟ್ಟಲ್ಪಟ್ಟಿತ್ತು. ಕ್ರ್ಯಾಂಕ್ ಶಾಫ್ಟ್ ಮತ್ತು ಅದರ ಬೇರಿಂಗುಗಳ ನಡುವೆ ತಲೆಗೂದಲಿಗಿಂತ ಕಿರಿದಾದ ಸಂದಿಯಿರುತ್ತದೆ. ಆ ಸಂದಿಯಲ್ಲಿ ಎಣ್ಣೆಯ ತೆಳುಪೊರೆ ನಿಂತು ಲೋಹ ಲೋಹವನ್ನು ಮುಟ್ಟದಂತೆ ತಡೆಯುತ್ತದೆ. ಹಳೆಯ ಎಂಜಿನುಗಳಲ್ಲಿ ಆ ಸಂದಿ ಅಗಲ. ಸವೆದ ಮೇಲಂತೂ ಇನ್ನೂ ಅಗಲ. ಹೊಸ ಕಾರುಗಳಲ್ಲಿ ಸಂದಿಯ ಅಳತೆ, ಎಣ್ಣೆಯ ಪಂಪು, ಕವಾಟಗಳ ಸಮಯವನ್ನು ಎಣ್ಣೆಯ ಒತ್ತಡದಿಂದಲೇ ಬದಲಿಸುವ ಸಲಕರಣೆ, ಎಲ್ಲವನ್ನೂ ನಿರ್ದಿಷ್ಟ ತೆಳು ಎಣ್ಣೆಯನ್ನು ಮನಸ್ಸಿನಲ್ಲಿಟ್ಟು ರೂಪಿಸಿರುತ್ತಾರೆ. ಅಂಥ ಎಂಜಿನಿಗೆ ತೀರ ದಪ್ಪ ಎಣ್ಣೆ ಸುರಿದರೆ ಒತ್ತಡ ಮಿತಿಮೀರಿ ಕವಾಟ ತೆರೆದು ಎಣ್ಣೆ ಅರ್ಧದಾರಿಯಲ್ಲೇ ಹಿಂದಿರುಗುತ್ತದೆ. ತಣ್ಣಗಿರುವಾಗ ಫಿಲ್ಟರನ್ನು ದಾಟದೆ ಬದಿಯ ದಾರಿಯಲ್ಲಿ ಹಾದುಹೋಗುವುದೂ ಉಂಟು. ಒತ್ತಡ ತೋರಿಸುವ ಮುಳ್ಳು ಮೇಲೆ ನಿಂತಿದ್ದರೂ ಬೇಕಾದ ಜಾಗಕ್ಕೆ ಬೇಕಾದಷ್ಟು ಎಣ್ಣೆ ಸಿಕ್ಕಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮೆಕ್ಯಾನಿಕನ ಪಕ್ಷದಲ್ಲಿರುವ ಸತ್ಯವನ್ನೂ ಹೇಳಬೇಕು. ತೆಳು ಎಣ್ಣೆ ಬಂದಿರುವುದು ಎಂಜಿನಿನ ಆಯುಸ್ಸಿನ ಮೇಲಿನ ಪ್ರೀತಿಯಿಂದಲ್ಲ, ಇಂಧನದ ಲೆಕ್ಕದಿಂದ. ಒಂದು ಕಂಪೆನಿ ಮಾರುವ ಎಲ್ಲ ಕಾರುಗಳ ಸರಾಸರಿ ಹೊಗೆಯಲ್ಲಿ ಕಿಲೋಮೀಟರಿಗೆ ಇಂತಿಷ್ಟೇ ಇಂಗಾಲದ ಡೈಆಕ್ಸೈಡ್ ಇರಬೇಕೆಂಬ ನಿಯಮ ಭಾರತದಲ್ಲಿ 2017-18ರಿಂದ ಇದೆ. 2022-23ರಿಂದ ಅದು ಇನ್ನೂ ಬಿಗಿಯಾಗಿದೆ. ದಪ್ಪ ಎಣ್ಣೆಯನ್ನು ಕಲಕಲು ವ್ಯಯವಾಗುವ ಶಕ್ತಿ ಉಳಿದರೆ ನೂರಕ್ಕೆ ಒಂದೆರಡು ಪಾಲು ಪೆಟ್ರೋಲು ಉಳಿಯುತ್ತದೆ. ಒಂದು ಕಾರಿನವನಿಗೆ ಅದು ಅಲ್ಪ, ಲಕ್ಷಾಂತರ ಕಾರು ಮಾರುವವನಿಗೆ ದೊಡ್ಡ ಲೆಕ್ಕ. ಎಸ್‌ಎಇ ಪಟ್ಟಿಗೆ 16 ಎಂಬ ದರ್ಜೆ ಸೇರಿದ್ದೇ 2013ರಲ್ಲಿ. ಮಾರುತಿ ಸುಜುಕಿಯ ಬಿಎಸ್-6 ಕಾಲದ ಹಲವು ಪೆಟ್ರೋಲ್ ಕಾರುಗಳು ಇಂದು ಅದರಲ್ಲೇ ಓಡುತ್ತಿವೆ. ಎಣ್ಣೆಯ ಪೊರೆ ತೆಳುವಾದಷ್ಟೂ ಅಜಾಗರೂಕತೆಗೆ ಉಳಿಯುವ ಜಾಗ ಕಡಿಮೆ ಎಂಬುದೂ ನಿಜ. 150 ಡಿಗ್ರಿಯಲ್ಲಿ, ಜೋರಾಗಿ ಉಜ್ಜುವ ಸ್ಥಿತಿಯಲ್ಲಿ ನಡೆಸುವ ಪರೀಕ್ಷೆಯಲ್ಲಿ 16ರ ಎಣ್ಣೆಗೆ ಕನಿಷ್ಠ 2.3 ಸಾಕು, 30ರ ಎಣ್ಣೆಗೆ 2.9 ಬೇಕು.

ಆದ್ದರಿಂದಲೇ ಕೈಪಿಡಿಯ ಆ ಪುಟವನ್ನು ಪೂರ್ತಿ ಓದಬೇಕು. ಕೆಲವು ಕಾರುಗಳ ಕೈಪಿಡಿ ಒಂದೇ ಎಣ್ಣೆಯನ್ನು ಹೇಳುತ್ತದೆ. ಅಲ್ಲಿ ಆಯ್ಕೆಯ ಮಾತೇ ಇಲ್ಲ. ಕೆಲವು ಕಾರುಗಳಿಗೆ ಹೊರಗಿನ ಉಷ್ಣತೆಯ ಪಟ್ಟಿಯೊಂದನ್ನು ಕೊಟ್ಟು, ಇಂಧನದ ಉಳಿತಾಯಕ್ಕೆ 0ಡಬ್ಲ್ಯೂ-20 ಉತ್ತಮ, ಇಲ್ಲವಾದರೆ 5ಡಬ್ಲ್ಯೂ-30 ಆಗಬಹುದು ಎಂದಿರುತ್ತದೆ. ಅಲ್ಲಿ ವಿವೇಚನೆಗೆ ಅವಕಾಶವಿದೆ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಆಗಾಗ ಘಾಟಿ ಹತ್ತುವವರು, ಆರು ಪಥದ ಹೆದ್ದಾರಿಯಲ್ಲಿ ದಿನವೂ ದೂರ ಓಡಿಸುವವರು ಆ ಎರಡರಲ್ಲಿ ದಪ್ಪದ್ದನ್ನು ಆರಿಸಿದರೆ ತಪ್ಪಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಹಾಕುವುದು ಬೇರೆ ಮಾತು. ಅದರಿಂದ ಎಂಜಿನ್ ಮರುದಿನವೇ ಕೆಡುತ್ತದೆಂದಲ್ಲ. ಆದರೆ ನಾಳೆ ಏನಾದರೂ ಕೆಟ್ಟಾಗ ವಾರಂಟಿಯ ಜಗಳದಲ್ಲಿ ಮಾಲಿಕನ ಕೈಯಲ್ಲಿ ಉತ್ತರವಿರುವುದಿಲ್ಲ.

ಮಾಸ್ಟ್ರ ಕಾರಿಗಂತೂ ಘಾಟಿಯೂ ಇಲ್ಲ, ದೂರವೂ ಇಲ್ಲ. ಅದರ ಓಟ ಬೈಲಿನಿಂದ ಪದವಿಗೆ, ಪದವಿನಿಂದ ಬೈಲಿಗೆ. ಮೀಯಪದವಿಗೆ ಹಾಲು-ಪೇಪರಿಗೆ, ವಾರಕ್ಕೊಮ್ಮೆ ಹೊಸಂಗಡಿಗೆ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆರಿಸುವ ಹೊತ್ತು ಬರುತ್ತದೆ. ಇಂಥ ಕಾರಿಗೆ ನಿಜವಾದ ಅಪಾಯ ಎಣ್ಣೆ ತೆಳುವಾಗಿರುವುದಲ್ಲ. ತಣ್ಣನೆಯ ಎಂಜಿನಿನಲ್ಲಿ ಪೂರ್ತಿ ಉರಿಯದ ಪೆಟ್ರೋಲೂ ಉರಿದು ಹುಟ್ಟಿದ ನೀರಿನ ಹಬೆಯೂ ಪಿಸ್ಟನ್ನಿನ ಬದಿಯಿಂದ ಇಳಿದು ಎಣ್ಣೆಗೆ ಸೇರುತ್ತವೆ. ದೂರ ಓಡಿದರೆ ಬಿಸಿಗೆ ಅವು ಹಾರಿಹೋಗುತ್ತವೆ. ಐದು ಕಿಲೋಮೀಟರಿನ ಓಟದಲ್ಲಿ ಅಲ್ಲಿಯೇ ಉಳಿದು ಎಣ್ಣೆಯನ್ನು ಕೆಡಿಸುತ್ತವೆ. 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಗಾಳಿಯೂ ಒದ್ದೆ. ಎಣ್ಣೆ ಹಾಕುವ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯ ನೊರೆಯಂಥ ಬಿಳಿ ಪದಾರ್ಥ ಕಂಡರೆ ಸಾಮಾನ್ಯವಾಗಿ ಅದು ಈ ನೀರಿನ ಗುರುತು. ತಂಪುನೀರಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಬೇರೆ ರೋಗವನ್ನು ಶಂಕಿಸಬೇಕು. "10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಎಂಬ ವಾಕ್ಯದಲ್ಲಿ ಮೊದಲ ಅರ್ಧವನ್ನಷ್ಟೇ ಓದಿ, "ನಾಲ್ಕೇ ಸಾವಿರ ಓಡಿದ್ದು, ಇನ್ನೂ ಉಂಟು" ಎನ್ನುವವರ ಕಾರುಗಳೇ ಬೇಗ ಬಳಲುವುದು. ಅಲ್ಪದೂರದ ಓಟವನ್ನು ಕಠಿಣ ಬಳಕೆ ಎಂದೇ ಪರಿಗಣಿಸಿ, ಎಣ್ಣೆಯನ್ನು ಇನ್ನೂ ಬೇಗ ಬದಲಿಸಲು ಹೇಳುವ ಕೈಪಿಡಿಗಳೂ ಇವೆ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ ಎಣ್ಣೆಗೂ ಬ್ಯಾಟರಿಗೂ ಒಳ್ಳೆಯದು.

ದಪ್ಪದ ಅಂಕೆ ಸರಿಯಾದ ಮಾತ್ರಕ್ಕೆ ಎಣ್ಣೆ ಸರಿಯಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಪಿ ಎಂಬ 2020ರ ದರ್ಜೆ ಕೇಳಿದ್ದರೆ ಅದೇ ಬೇಕು. ಹೊಗೆಯ ಮಸಿ ಹಿಡಿಯುವ ಜಾಲರಿಯಿರುವ ಬಿಎಸ್-6 ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಎಣ್ಣೆ ಬೇಕು. ಅಂಕೆ 5ಡಬ್ಲ್ಯೂ-30 ಎಂದು ಒಂದೇ ಇದ್ದರೂ ಬೇರೆ ಬಗೆಯದನ್ನು ಹಾಕಿದರೆ ಜಾಲರಿ ಕಾಲಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ. ಕಾರಿನಲ್ಲಿ ಉಳಿದ ಎಣ್ಣೆಯನ್ನು ಮಗನ ಬೈಕಿಗೆ ಸುರಿಯುವುದೂ ಬೇಡ. ಬೈಕಿನ ಕ್ಲಚ್ ಎಣ್ಣೆಯಲ್ಲೇ ಮುಳುಗಿರುವುದರಿಂದ ಜಾರತೊಡಗುತ್ತದೆ.

ಒಂದು ವಾರ ಕಳೆದು ಮಾಸ್ಟ್ರು ಮತ್ತೆ ಅದೇ ಗ್ಯಾರೇಜಿಗೆ ಹೋದರು. ಕೈಯಲ್ಲಿ ಕೈಪಿಡಿಯಿತ್ತು, ಎಣ್ಣೆಯ ಪುಟದಲ್ಲಿ ಬಸ್ ಟಿಕೇಟೊಂದು ಗುರುತಾಗಿತ್ತು. ಮೆಕ್ಯಾನಿಕ್ ಇಂಗ್ಲಿಷ್ ಓದುವವನಲ್ಲ, ಅಂಕೆಗಳನ್ನು ಓದಿದ. ಎರಡು ಬಾರಿ ಓದಿ, "ಅವರೇ ಬರೆದಿದ್ದಾರಲ್ಲ, ಹಾಕುವ" ಎಂದು ಹಳೆಯ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ಕಿನ ಎರಡು ಗೆರೆಗಳ ನಡುವೆ ಮಟ್ಟ ಬರುವಂತೆ ಹೊಯ್ದ. ಬಿಲ್ಲಿನಲ್ಲಿ ಎಂಜಿನ್ ಆಯಿಲ್ ಎಂದಷ್ಟೇ ಬರೆಯಹೊರಟವನನ್ನು ತಡೆದು, ದಿನಾಂಕ, ಓಡಿದ ಕಿಲೋಮೀಟರ್, ಎಣ್ಣೆಯ ಪೂರ್ತಿ ಅಂಕೆ ಮೂರನ್ನೂ ಬರೆಸಿಕೊಂಡು ಮಾಸ್ಟ್ರು ಅದನ್ನು ಕೈಪಿಡಿಯೊಳಗೆ ಇಟ್ಟರು. ಅಟ್ಟಳಿಗೆಯ ಮೇಲಿದ್ದ ಕ್ಯಾನು ಈಗ ತೋಟದ ಪಂಪಿನ ಕೊಟ್ಟಿಗೆಗೆ ಹೋಗಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ, ಕರಿಹಲಗೆಯ ಅಕ್ಷರದಲ್ಲಿ, "ಪಂಪಿಗೆ ಮಾತ್ರ" ಎಂದು ಬರೆದಿದೆ.