ಸ್ಲೈಡುಗಳಲ್ಲಿ ಕನ್ನಡದ ಪಾಠ

ಅಂತರ್ಜಾಲದಲ್ಲಿ ಸ್ಲೈಡುಗಳ ಮೂಲಕ ಪಾಠ ಹೇಳುವ ಪದ್ಧತಿಯು 2020ರ ಕೊರೋನಾ ಕಾಲದಲ್ಲಿ ನಮ್ಮ ಗಡಿನಾಡಿನ ಮನೆಗಳನ್ನೂ ಪ್ರವೇಶಿಸಿತು. ಕರ್ನಾಟಕದಲ್ಲಿ ಸಿದ್ಧವಾದ ಪಾಠಗಳೇನೋ ಹೇರಳವಾಗಿವೆ. ಆದರೆ ಬಾಲಭಾರತಿಯ ಪಠ್ಯಕ್ರಮಕ್ಕೆ ಅವು ಪೂರ್ಣವಾಗಿ ಹೊಂದುವುದಿಲ್ಲ. ಈ ಕೊರತೆಯನ್ನು ನೀಗಬೇಕಾದವರು ನಮ್ಮ ಮಾಜಿ ವಿದ್ಯಾರ್ಥಿಗಳೇ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ಶಿಕ್ಷಕರಾಗಿದ್ದ ರಣಜಿತಸಿಂಹ ಡಿಸಲೆಯವರು, ಮಕ್ಕಳ ಮನೆಮಾತು ಕನ್ನಡವೆಂದರಿತು ತಾವೇ ಆ ಭಾಷೆ ಕಲಿತರು. ಪಠ್ಯವನ್ನು ಅನುವಾದಿಸಿ ಕ್ಯೂಆರ್ ಸಂಕೇತಗಳನ್ನು ಜೋಡಿಸಿದರು. 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಸಂದಿತು. ಅವರಿಂದಾದುದು ಕನ್ನಡವೇ ತಾಯ್ನುಡಿಯಾದ ನಮ್ಮಿಂದ ಆಗದೇ?

ಹೆಚ್ಚು ಜನ ನೋಡಲೆಂದು ಬಣ್ಣ ಬಳಿಯುವವರಿದ್ದಾರೆ, ನನಗದು ಹಿಡಿಸದು. ನಮ್ಮ ಶಿರೋಳ ತಾಲೂಕಿನ ಖಿದ್ರಾಪುರದ ಸ್ವರ್ಗಮಂಟಪವನ್ನೇ ತೆಗೆದುಕೊಳ್ಳಿ. ಮೊದಲು ಛಾವಣಿಯ ದುಂಡನೆಯ ತೆರಪಿನ ಚಿತ್ರ, ಕೆಳಗೊಂದೇ ಪ್ರಶ್ನೆ: ಇಲ್ಲಿ ಆಕಾಶವೇಕೆ ಕಾಣುತ್ತದೆ? ಉತ್ತರ ಮುಂದಿನ ಸ್ಲೈಡಿಗಿರಲಿ. ಪುಟದ ತುಂಬ ವಾಕ್ಯಗಳನ್ನು ತುರುಕುವುದು ನಮ್ಮ ಮಾಸ್ತರ ಮಂದಿಯ ಹಳೆಯ ಚಟ. ಮಗು ಬೆರಳಾಡಿಸಿ ಮುಂದೆ ಹೋಗುತ್ತದೆ. ಅದು ನೋಡುವುದು ತಂದೆಯ ಮೊಬೈಲಿನಲ್ಲಿ, ಆದ್ದರಿಂದ ಅಕ್ಷರಗಳು ದೊಡ್ಡವಿರಬೇಕು. ಲಿಪಿ ಯೂನಿಕೋಡಿನಲ್ಲಿಯೇ ಇರಬೇಕು. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಹುಡುಕಿದವರಿಗೂ ಸಿಗದು. ಇಯತ್ತೆ, ವಿಷಯ, ಪಾಠದ ಹೆಸರುಗಳನ್ನು ಶೀರ್ಷಿಕೆಯಲ್ಲಿ ಕನ್ನಡದಲ್ಲಿಯೇ ಬರೆಯಿರಿ.