ಫುಲೇರಾಕ್ಕೆ ಮನಸೋತ ನಾವು

ಪರಭಾಷೆಯ ಹಳ್ಳಿಯೊಂದು ಹೊರನಾಡ ಕನ್ನಡಿಗರಾದ ನಮ್ಮ ಮನಸ್ಸಿನಲ್ಲಿ ಇಷ್ಟು ಸಲೀಸಾಗಿ ಮನೆ ಮಾಡೀತೆಂದು ನಾವು ಎಣಿಸಿರಲಿಲ್ಲ. 2020ರ ಏಪ್ರಿಲ್‌ನಲ್ಲಿ, ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದಾಗ, ಅಮೆಜಾನ್ ಪ್ರೈಮ್‌ನಲ್ಲಿ ಬಂದ ‘ಪಂಚಾಯತ್’ ಎಂಬ ಹಿಂದಿ ಧಾರಾವಾಹಿ ನಾಲ್ಕು ಸೀಸನ್‌ಗಳನ್ನು ಕಂಡಿದೆ. ಅದರ ಕಥೆ 2024ರಲ್ಲಿ ‘ತಲೈವೆಟ್ಟಿಯಾನ್ ಪಾಳಯಂ’ ಎಂಬ ಹೆಸರಿನಲ್ಲಿ ತಮಿಳಿಗೂ, 2025ರಲ್ಲಿ ‘ಸಿವರಪಲ್ಲಿ’ಯಾಗಿ ತೆಲುಗಿಗೂ ಬಂದಿತು.

ಕಥೆಯೇನೂ ದೊಡ್ಡದಲ್ಲ. ಬೇರೆ ಒಳ್ಳೆಯ ಕೆಲಸ ಸಿಗದ ಎಂಜಿನಿಯರಿಂಗ್ ಪದವೀಧರ ಅಭಿಷೇಕ್, ಉತ್ತರ ಪ್ರದೇಶದ ಫುಲೇರಾ ಎಂಬ ಕಲ್ಪಿತ ಗ್ರಾಮಕ್ಕೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಬಂದ ದಿನವೇ ಕಚೇರಿಯ ಬೀಗದಕೈ ಕಳೆದುಹೋಗಿರುತ್ತದೆ. ಅವನು ಆಸೆಪಟ್ಟು ಕೊಂಡ ಚಕ್ರದ ಕುರ್ಚಿಯ ಮೇಲೆ ಮದುವೆಗೆ ಬಂದ ವರನ ಕಣ್ಣು ಬೀಳುತ್ತದೆ. ಅಷ್ಟರಿಂದಲೇ ಒಂದು ಕಂತು ಹುಟ್ಟುತ್ತದೆ. ಹಳ್ಳಿಗರನ್ನು ಪೆದ್ದರನ್ನಾಗಿಸಿ ನಗಿಸುವ ಸುಲಭದ ದಾರಿಯನ್ನು ಲೇಖಕ ಚಂದನ್ ಕುಮಾರ್ ತುಳಿಯಲಿಲ್ಲ. ಅಲ್ಲಿ ಹೆಚ್ಚಾಗಿ ನಗೆಗೀಡಾಗುವವನು ಹಳ್ಳಿಯನ್ನು ಕೀಳಾಗಿ ಕಂಡ ಆ ಪಟ್ಟಣಿಗನೇ.

ಈ ನಗುವಿಗೆ ಹರಿತವೂ ಇದೆ. ಚುನಾಯಿತ ಪ್ರಧಾನೆ ಮಂಜು ದೇವಿ. ಅಧಿಕಾರ ನಡೆಸುವವನು ಆಕೆಯ ಗಂಡ. ಗಣರಾಜ್ಯೋತ್ಸವದಂದು ಧ್ವಜಾರೋಹಣ ಯಾರು ಮಾಡಬೇಕೆಂಬ ಪ್ರಶ್ನೆ ಎದ್ದಾಗ ಆಕೆ ರಾಷ್ಟ್ರಗೀತೆ ಕಲಿಯಲು ತೊಡಗುತ್ತಾಳೆ. ನೀನಾ ಗುಪ್ತಾ, ರಘುವೀರ್ ಯಾದವ್ ಅವರ ಅಭಿನಯದಲ್ಲಿ ಒಂದು ಘೋಷಣೆಯೂ ಇಲ್ಲದೆ ಇಡೀ ಮೀಸಲಾತಿಯ ವಿಪರ್ಯಾಸ ತೆರೆದುಕೊಳ್ಳುತ್ತದೆ. ನಾಲ್ಕನೆಯ ಸೀಸನ್‌ನಲ್ಲಿ ಚುನಾವಣೆಯ ಗದ್ದಲ ಹೆಚ್ಚಾಗಿ ಈ ಸೂಕ್ಷ್ಮತೆ ತೆಳುವಾದದ್ದು ನಿಜ. ಆದರೂ ನಮ್ಮ ಅಕ್ಕರೆ ಕುಂದಿಲ್ಲ.

ಈ ಅಕ್ಕರೆಯ ನಡುವೆಯೇ ಒಂದು ಕೊರಗು ಉಳಿಯುತ್ತದೆ. ಇಂಥ ಕಥೆಗೆ ಕನ್ನಡ ನೆಲ ಬರಡಲ್ಲ. ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯಿದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗಲೇ ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು ಆಮೇಲೆ. ಮಂಜು ದೇವಿಯ ಅಕ್ಕಂದಿರು ನಮ್ಮ ಊರುಗಳಲ್ಲಿ ಅಂದಿನಿಂದಲೂ ಇದ್ದಾರೆ. ಅವರ ಮಾತಿನ ವರಸೆ ಕಲಬುರಗಿಯಲ್ಲಿ ಒಂದು ಬಗೆ, ಮಂಡ್ಯದಲ್ಲಿ ಇನ್ನೊಂದು. ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಶಂಕರ್ ನಾಗ್, ಚಿಕ್ಕ ಊರಿನ ಚಿಕ್ಕ ಸಂಗತಿಗಳಿಂದಲೇ ದೇಶದ ಮನ ಗೆಲ್ಲಬಹುದೆಂದು ಎಂಬತ್ತರ ದಶಕದಲ್ಲೇ ತೋರಿಸಿದ್ದರು.

ಹಾಗೆಂದು ‘ಪಂಚಾಯತ್’ ಕನ್ನಡದಲ್ಲಿ ಮರುಸೃಷ್ಟಿಯಾಗಲಿ ಎಂಬುದು ನಮ್ಮ ಬೇಡಿಕೆಯಲ್ಲ. ಎರವಲು ತಂದ ಊರಿನಲ್ಲಿ ನಮ್ಮ ಮಾತಿನ ಸೊಗಡು ಅರಳುವುದು ಕಷ್ಟ. ನಮಗೆ ಬೇಕಾದದ್ದು ನಮ್ಮದೇ ಗ್ರಾಮ, ನಮ್ಮದೇ ತಕರಾರು. 2024ರಲ್ಲಿ ಕರಾವಳಿಯ ಏಳು ಕಥೆಗಳ ‘ಏಕಂ’ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ಅಂಥ ಸಾಹಸಗಳು ಬದುಕಬೇಕಾದರೆ ನೋಡುಗರು ದುಡ್ಡು ಕೊಟ್ಟು ನೋಡಬೇಕು. ಕನ್ನಡದಲ್ಲಿ ಏನೂ ಬರುವುದಿಲ್ಲವೆಂದು ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು ಹಲುಬುವ ನಾವು, ಬಂದದ್ದನ್ನು ಹುಡುಕಿ ನೋಡುವ ಕೆಲಸವನ್ನಾದರೂ ಮಾಡೋಣ. ಫುಲೇರಾದ ಮೇಲಿನ ಪ್ರೀತಿ ನಮಗೆ ಕಲಿಸಬೇಕಾದ ಪಾಠ ಇದೇ.