ಐವತ್ತು ನಿಮಿಷದ ಲೆಕ್ಕ

ಪುಣೆಯ ಲೋಹಗಾಂವ್‌ನಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 310 ಕಿ.ಮೀ. ಇಂಥ ಸಣ್ಣ ಮಾರ್ಗಗಳಿಗೆ ಬಳಸುವ ಎಟಿಆರ್ 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಏರಿ ಇಳಿಯುವ ಹೊತ್ತು ಸೇರಿಸಿದರೂ ಐವತ್ತು ನಿಮಿಷದ ಹಾರಾಟ. ರನ್‌ವೇಗೆ ಹೋಗುವ, ಇಳಿದ ಮೇಲೆ ಬಂದು ನಿಲ್ಲುವ ಹೊತ್ತನ್ನೂ ಹಿಡಿದು ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಬರೆಯುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ವಿಮಾನದ ಲೆಕ್ಕ, ಪ್ರಯಾಣಿಕನದಲ್ಲ.

ತಳೇಗಾಂವ ದಾಭಾಡೆಯಲ್ಲಿ ಕೂತು ಇದನ್ನೇ ಎಣಿಸಿ ನೋಡಿ. ಇಲ್ಲಿನ ಮತ್ತು ಪಕ್ಕದ ಚಾಕಣದ ಕಾರ್ಖಾನೆಗಳಲ್ಲಿ ದುಡಿಯುವ, ಗೋಕಾಕ ಸೀಮೆಯ ಒಬ್ಬನಿಗೆ ಊರಿಂದ ಫೋನ್ ಬರುತ್ತದೆ: ಅಪ್ಪನಿಗೆ ಆರಾಮಿಲ್ಲ, ಕೂಡಲೇ ಬಾ. ಲೋಹಗಾಂವ್ ಇರುವುದು ಪುಣೆಯ ಆಚೆ ಬದಿಗೆ. ಪಿಂಪ್ರಿ-ಚಿಂಚವಡದ ದಟ್ಟಣೆ ದಾಟಿ ಅಲ್ಲಿಗೆ ತಲುಪಲು ಒಂದೂವರೆ ಗಂಟೆ. ಹಾರುವ ಮೊದಲು ಎರಡು ಗಂಟೆ ಕಾಯಬೇಕು. ಹಾರಾಟಕ್ಕೆ ಒಂದು ಗಂಟೆ, ಸಾಮಾನು ಹಿಡಿದು ಹೊರಬರಲು ಅರ್ಧ ಗಂಟೆ. ಸಾಂಬ್ರಾದಿಂದ ಗೋಕಾಕಕ್ಕೆ ಇನ್ನೊಂದೂವರೆ ಗಂಟೆ, ಅದೂ ಬಂದ ದಿಕ್ಕಿಗೇ, ಉತ್ತರಕ್ಕೆ ತಿರುಗಿ. ಒಟ್ಟು ಆರೂವರೆ ಗಂಟೆ! ಅದೇ ದೇಹೂರೋಡಿನಲ್ಲಿ ಹೆದ್ದಾರಿ ಹಿಡಿದು, ಸಾತಾರಾ, ಕೊಲ್ಹಾಪುರ ದಾಟಿ ಸಂಕೇಶ್ವರದಲ್ಲಿ ಗೋಕಾಕದ ಕಡೆ ಹೊರಳಿದರೆ ಕಾರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಜತೆಗೆ, ಫೋನ್ ಬಂದ ಆ ಹೊತ್ತಿಗೆ ವಿಮಾನ ಇರಬೇಕಲ್ಲ? ರಸ್ತೆಗೆ ವಾರದ ದಿನಗಳ ಹಂಗಿಲ್ಲ.

ಹಿಂದಿನವರು ದಾರಿಯನ್ನು ಹರದಾರಿಗಳಲ್ಲಿ ಹೇಳುತ್ತಿದ್ದರು. ಆ ಎಣಿಕೆ ಮನೆಯ ಹೊಸ್ತಿಲಿನಿಂದ ಶುರುವಾಗುತ್ತಿತ್ತು. ಈಗಿನ ಯೋಜನೆಗಳಲ್ಲಿ ಅದು ನಿಲ್ದಾಣದ ಬಾಗಿಲಿನಿಂದ ಶುರುವಾಗುತ್ತದೆ.

ಇದರ ಬೆಲೆ ಸಣ್ಣದಲ್ಲ. 2017ರ ಏಪ್ರಿಲ್ 27ರಂದು ಶಿಮ್ಲಾ-ದೆಹಲಿ ಹಾರಾಟದೊಂದಿಗೆ ಮೊದಲಾದ ಉಡಾನ್ ಯೋಜನೆ, ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಯ ಮಿತಿ ಹಾಕಿತು. ಕಂಪನಿಗಳ ನಷ್ಟ ತುಂಬಲು ಮೂರು ವರ್ಷ ನೆರವನ್ನೂ ಇಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ 2023ರ ಸಿಎಜಿ ವರದಿಯ ಪ್ರಕಾರ, ಆಗ ಪರಿಶೀಲಿಸಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಮೂರು ವರ್ಷದ ನೆರವು ಮುಗಿದ ಮೇಲೂ ಉಳಿದವು 54 ಮಾತ್ರ. ಜನರಿಗೆ ಹಾರುವ ಆಸೆ ಇಲ್ಲವೆಂದು ಇದಕ್ಕೆ ಅರ್ಥವಲ್ಲ. ಮುನ್ನೂರು ಕಿಲೋಮೀಟರಿನ ದಾರಿಯಲ್ಲಿ ವಿಮಾನ ಗಳಿಸಿಕೊಟ್ಟ ಹೊತ್ತನ್ನು ಎರಡೂ ತುದಿಯ ನೆಲ ನುಂಗಿಬಿಡುತ್ತದೆ. ಬೆಂಗಳೂರಿಂದ ದೆಹಲಿಗೆ ಹೋಗುವವನಿಗೆ ಈ ನಾಲ್ಕೈದು ಗಂಟೆ ದೊಡ್ಡದಲ್ಲ. ಬೆಳಗಾವಿಗೆ ಹೋಗುವವನಿಗೆ ಅದೇ ಪ್ರಯಾಣದ ಬಹುಪಾಲು.

2024ರ ಸೆಪ್ಟೆಂಬರಿನಲ್ಲಿ ಶುರುವಾದ ಪುಣೆ-ಹುಬ್ಬಳ್ಳಿ ವಂದೇ ಭಾರತ್ ರೈಲು ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ. ಕಾಗದದ ಮೇಲೆ ವಿಮಾನದ ಮುಂದೆ ಅದು ಆಮೆ. ಆದರೆ ತಳೇಗಾಂವದವರು ಲೋಕಲ್ ಹತ್ತಿ ನೇರ ಪುಣೆ ಸ್ಟೇಷನ್ನಿಗೆ ಇಳಿಯಬಹುದು. ಬೆಳಗಾವಿಯಲ್ಲೋ ಧಾರವಾಡದಲ್ಲೋ ಇಳಿದರೆ ಊರೊಳಗೇ ಇರುತ್ತಾರೆ.

ಗಡಿಯಾಚೆಯ ಕನ್ನಡಿಗರ ಹೆಸರಿನಲ್ಲಿ ಹೊಸ ವಿಮಾನ ಕೇಳುವ ಮುಖಂಡರು ಮೊದಲು ಇವನ್ನು ಕೇಳಲಿ: ವಿಮಾನ ಇಳಿಯುವ ಹೊತ್ತಿಗೆ ಸಾಂಬ್ರಾದಿಂದ ಗೋಕಾಕಕ್ಕೆ, ಬೈಲಹೊಂಗಲಕ್ಕೆ ಬಸ್ಸು, ದಿನವೂ ಓಡುವ ರೈಲು, ರಾತ್ರಿ ಬಸ್ಸುಗಳಿಗೆ ದೇಹೂರೋಡಿನಲ್ಲಿ ದೀಪ, ನೆರಳು, ಶೌಚಾಲಯ ಇರುವ ಒಂದು ನಿಲುಗಡೆ. ಅಪ್ಪನ ಹಾಸಿಗೆಯ ಬಳಿ ಮಗ ಎಷ್ಟು ಗಂಟೆಗೆ ತಲುಪಿದ ಎಂಬುದೇ ಲೆಕ್ಕ. ಆಕಾಶದಲ್ಲಿ ಎಷ್ಟು ನಿಮಿಷ ಕಳೆದ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.